ಪಿಕಪ್ ಟ್ರಕ್‌ನ ಹೊಸ ಎಕ್ಸಾಸ್ಟ್ ಮತ್ತು ಕ್ಯಾಬ್‌ನೊಳಗಿನ ಮೊರೆತ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವೆರಾಡೊ, ರಾಮ್ 1500, ಟೊಯೊಟಾ ಟಂಡ್ರಾ ಮುಂತಾದ ಪಿಕಪ್‌ಗಳನ್ನು ಕೊಂಡವರಲ್ಲಿ ಅನೇಕರು ಕಂಪನಿಯ ಸೈಲೆನ್ಸರ್ ತೆಗೆಸಿ, ಗಂಭೀರವಾದ ದನಿ ಬರಲೆಂದು ಹೊರಗಿನ ಎಕ್ಸಾಸ್ಟ್ ಹಾಕಿಸುತ್ತಾರೆ. ಊರೊಳಗೆ ಓಡಿಸುವಾಗ ಹಿತವೆನಿಸುವ ಆ ದನಿ ಹೈವೇಯಲ್ಲಿ ಒಂದೇ ವೇಗಕ್ಕೆ ಬಂದು ನಿಂತೊಡನೆ ಕಿವಿಯನ್ನು ಒತ್ತುವ ಮೊರೆತವಾಗಿ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಇದನ್ನೇ ಎಕ್ಸಾಸ್ಟ್ ಡ್ರೋನ್ ಎನ್ನುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗರೂ ಭಾರತದಲ್ಲಿ ಪಿಕಪ್ ಇಟ್ಟುಕೊಂಡವರೂ ಇದರ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಜೋರು ಸದ್ದಿಗೂ ಈ ಮೊರೆತಕ್ಕೂ ಏನು ವ್ಯತ್ಯಾಸ?

ಜೋರು ಸದ್ದಿನಲ್ಲಿ ಅನೇಕ ಕಂಪನಾಂಕಗಳು ಬೆರೆತಿರುತ್ತವೆ ಮತ್ತು ಆಕ್ಸಿಲರೇಟರ್ ಒತ್ತಿದಂತೆ ಅದು ಏರುತ್ತದೆ, ಬಿಟ್ಟಂತೆ ಇಳಿಯುತ್ತದೆ. ಮೊರೆತ ಹಾಗಲ್ಲ. ಅದು ಬಹುತೇಕ ಒಂದೇ ಕೆಳಸ್ವರ. ಎಂಜಿನ್ ವೇಗದ ಒಂದು ಸಣ್ಣ ವ್ಯಾಪ್ತಿಯಲ್ಲಿ, ಉದಾಹರಣೆಗೆ 1,600ರಿಂದ 2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ನಡುವೆ ಮಾತ್ರ, ಅದು ಎದ್ದು ಕೇಳಿಸುತ್ತದೆ. ಅದರ ಆಚೆ ಈಚೆ ತಟಕ್ಕನೆ ಕಡಿಮೆಯಾಗುತ್ತದೆ. ಹೊರಗೆ ನಿಂತವರಿಗೆ ಟ್ರಕ್ ಅಷ್ಟೇನೂ ಗದ್ದಲ ಮಾಡುತ್ತಿಲ್ಲವೆನಿಸಿದರೂ ಒಳಗೆ ಕುಳಿತವರಿಗೆ ಎದೆಯಲ್ಲೂ ಸೀಟಿನಲ್ಲೂ ನಡುಕ ತಿಳಿಯುತ್ತದೆ. ಈ ವ್ಯತ್ಯಾಸವನ್ನು ಮೊದಲೇ ಗುರುತಿಸಿಕೊಳ್ಳುವುದು ಅಗತ್ಯ. ಒಟ್ಟು ಸದ್ದು ಹೆಚ್ಚಾಗಿದ್ದರೆ ಸೈಲೆನ್ಸರ್ ಬದಲಾಯಿಸಬೇಕಾಗುತ್ತದೆ. ಒಂದೇ ಸ್ವರ ಕಾಡುತ್ತಿದ್ದರೆ ಆ ಸ್ವರವನ್ನಷ್ಟೇ ಹಿಡಿದು ಅಡಗಿಸಲು ಸಾಧ್ಯವಿದೆ, ಮತ್ತು ಇಷ್ಟಪಟ್ಟು ಹಾಕಿಸಿದ ದನಿಯನ್ನು ಕಳೆದುಕೊಳ್ಳಬೇಕಾಗಿಲ್ಲ.

ಈ ಸ್ವರ ಹುಟ್ಟುವುದು ಎಲ್ಲಿ?

ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಹಾಗಾಗಿ ವಿ8 ಎಂಜಿನ್ ಪ್ರತಿ ಸುತ್ತಿಗೆ ನಾಲ್ಕು ಒತ್ತಡದ ಅಲೆಗಳನ್ನೂ, ಆರು ಸಿಲಿಂಡರಿನ ಎಂಜಿನ್ ಮೂರನ್ನೂ, ನಾಲ್ಕು ಸಿಲಿಂಡರಿನದು ಎರಡನ್ನೂ ಎಕ್ಸಾಸ್ಟ್ ಪೈಪಿಗೆ ಕಳಿಸುತ್ತದೆ. ವಿ8 ಎಂಜಿನ್ 1,750 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಸೆಕೆಂಡಿಗೆ ಸುಮಾರು 117 ಅಲೆಗಳು, ಅಂದರೆ 117 ಹರ್ಟ್ಸ್ ಸ್ವರ ಹೊರಡುತ್ತದೆ. ಈಗಿನ ಹತ್ತು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳು ಇಂಧನ ಉಳಿಸಲು ಹೈವೇಯಲ್ಲಿ ಎಂಜಿನ್ನನ್ನು ಇಂಥ ತಗ್ಗಿನ ವೇಗದಲ್ಲೇ ಹಿಡಿದಿಡುವುದರಿಂದ, ಗಂಟೆಗಟ್ಟಲೆ ಓಡಿಸುವವರು ಗಂಟೆಗಟ್ಟಲೆ ಅದೇ ಸ್ವರವನ್ನು ಕೇಳಬೇಕಾಗುತ್ತದೆ.

ಇನ್ನರ್ಧ ಕಾರಣ ಕ್ಯಾಬ್‌ನಲ್ಲೇ ಇದೆ. ಬಚ್ಚಲುಮನೆಯಲ್ಲಿ ಗುನುಗುವಾಗ ಯಾವುದೋ ಒಂದು ಸ್ವರ ಮಾತ್ರ ಗೋಡೆಗಳಿಗೆ ತಾಗಿ ಹಿಗ್ಗಿದಂತೆ ಕೇಳಿಸುತ್ತದಲ್ಲ, ಮುಚ್ಚಿದ ಕ್ಯಾಬ್‌ ಸಹ ತನ್ನ ಅಳತೆಗೆ ಹೊಂದುವ ಸ್ವರವನ್ನು ಹಾಗೆಯೇ ಹಿಗ್ಗಿಸುತ್ತದೆ. ಒಳಗಿನ ಅಗಲ 1.7 ಮೀಟರ್ ಇದ್ದರೆ ಆ ಅಗಲಕ್ಕೆ ಹೊಂದುವ ಮೊದಲ ಸ್ವರ ಸುಮಾರು 100 ಹರ್ಟ್ಸ್, ಉದ್ದ 2.2 ಮೀಟರ್ ಇದ್ದರೆ ಸುಮಾರು 78, ಎತ್ತರ 1.2 ಮೀಟರ್ ಇದ್ದರೆ ಸುಮಾರು 143. ಹೈವೇ ವೇಗದಲ್ಲಿ ವಿ8 ಅಥವಾ ವಿ6 ಎಂಜಿನ್ ಹೊರಡಿಸುವ ಸ್ವರಗಳು ಬೀಳುವುದೂ ಇದೇ ವ್ಯಾಪ್ತಿಯಲ್ಲಿ. ಇವೆರಡೂ ತಾಳೆಯಾದ ವೇಗದಲ್ಲಿ ಮೊರೆತ ಏಳುತ್ತದೆ. ಇಂಥ ಅಲೆಗಳ ಒತ್ತಡ ಗೋಡೆಗಳ ಬಳಿ ಹೆಚ್ಚು, ನಡುವೆ ಕಡಿಮೆ. ಆದ್ದರಿಂದ ಚಾಲಕನಿಗೆ ಸಾಧಾರಣವೆನಿಸುವ ಸದ್ದು ಹಿಂಬದಿಯ ಗೋಡೆಗೆ ತಲೆಯಾನಿಸಿ ಕುಳಿತ ಮಕ್ಕಳಿಗೆ ಅಸಹನೀಯವಾಗಿರಬಹುದು. ಹಿಂದೆ ಕುಳಿತವರು ತಲೆನೋವೆಂದರೆ ಅದನ್ನು ನೆಪವೆಂದು ತಳ್ಳಿಹಾಕಬಾರದು. ಒಮ್ಮೆ ಬೇರೆಯವರಿಗೆ ಸ್ಟಿಯರಿಂಗ್ ಕೊಟ್ಟು ನೀವೇ ಅಲ್ಲಿ ಕುಳಿತು ನೋಡಿ.

ನಮ್ಮ ಟ್ರಕ್‌ನಲ್ಲಿ ಕಾಡುತ್ತಿರುವ ಸ್ವರ ಯಾವುದೆಂದು ತಿಳಿಯುವುದು ಹೇಗೆ?

ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಬೇಡಿ ಎಂಬುದು ನನ್ನ ಕಳಕಳಿಯ ಮನವಿ. ಅಳತೆಯಿಲ್ಲದೆ ಸಾಮಾನು ಕೊಂಡವರು ಒಂದಾದ ಮೇಲೊಂದು ಸೈಲೆನ್ಸರ್ ಬದಲಾಯಿಸುತ್ತಾ ಹಣ ಸುರಿಯುವುದನ್ನು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ.

ಫೋನಿಗೆ ಸ್ಪೆಕ್ಟ್ರಮ್, ಅಂದರೆ ಯಾವ ಸ್ವರ ಎಷ್ಟು ಜೋರಾಗಿದೆ ಎಂಬ ನಕ್ಷೆ, ತೋರಿಸುವ ಆ್ಯಪ್ ಒಂದನ್ನು ಹಾಕಿಕೊಂಡು, ಪಕ್ಕದಲ್ಲಿ ಕುಳಿತವರ ಕೈಗೆ ಕೊಡಿ. ಸಮತಟ್ಟಾದ ರಸ್ತೆಯಲ್ಲಿ ಕಿಟಕಿಗಳನ್ನು ಮುಚ್ಚಿ, ಎ.ಸಿ. ಫ್ಯಾನ್ ಮತ್ತು ರೇಡಿಯೊ ನಿಲ್ಲಿಸಿ, ಕ್ರೂಸ್ ಕಂಟ್ರೋಲ್‌ನಲ್ಲಿ ಮೊರೆತ ಹೆಚ್ಚಿರುವ ವೇಗವನ್ನು ಹಿಡಿಯಿರಿ. ಪರದೆಯ ಎಡಭಾಗದಲ್ಲಿ, 50ರಿಂದ 150 ಹರ್ಟ್ಸ್ ನಡುವೆ ಒಂದು ಚೂಪಾದ ಶಿಖರ ಎದ್ದಿರುತ್ತದೆ. ಅದರ ಅಂಕಿಯನ್ನೂ ಆ ಕ್ಷಣದ ಆರ್‌ಪಿಎಂ ಅನ್ನೂ ಬರೆದುಕೊಳ್ಳಿ. ಬಳಿಕ ಲೆಕ್ಕ ಹಾಕಿ: ಆರ್‌ಪಿಎಂ ಅನ್ನು 60ರಿಂದ ಭಾಗಿಸಿ, ವಿ8ಗೆ 4ರಿಂದ, ವಿ6ಗೆ 3ರಿಂದ ಗುಣಿಸಿ. ಶಿಖರದ ಅಂಕಿ ಇದಕ್ಕೆ ಹೊಂದಿದರೆ ಅದು ಎಕ್ಸಾಸ್ಟ್ ಸ್ವರವೇ. ಹೊಂದದೆ, ಆರ್‌ಪಿಎಂ ಬದಲಾದರೂ ರಸ್ತೆಯ ವೇಗಕ್ಕೆ ಅನುಗುಣವಾಗಿಯೇ ಏರಿಳಿದರೆ ಟೈರ್, ಪ್ರೊಪೆಲ್ಲರ್ ಶಾಫ್ಟ್ ಅಥವಾ ಡಿಫರೆನ್ಷಿಯಲ್ ಕಡೆ ನೋಡಬೇಕು. ಒಂದು ಗೇರ್ ಕೆಳಗಿಳಿಸಿ ಅದೇ ವೇಗದಲ್ಲಿ ಓಡಿಸಿದರೆ ಇದು ಬೇಗ ಗೊತ್ತಾಗುತ್ತದೆ.

ಡೆಸಿಬೆಲ್ ಮೀಟರ್ ಆ್ಯಪ್‌ಗಳ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಅವು ತೋರಿಸುವುದು ಎ-ತೂಕದ ಅಳತೆ. ಆ ಅಳತೆಯಲ್ಲಿ 100 ಹರ್ಟ್ಸ್‌ನ ಸದ್ದಿಗೆ ಸುಮಾರು 19 ಡೆಸಿಬೆಲ್ ಕಳೆದು, 125 ಹರ್ಟ್ಸ್‌ನದಕ್ಕೆ 16 ಕಳೆದು ಲೆಕ್ಕ ಹಾಕುತ್ತಾರೆ. ಹಾಗಾಗಿ ಮೀಟರ್‌ನ ಅಂಕಿ ಸಾಧಾರಣವಾಗಿದ್ದರೂ ತಲೆ ಸಿಡಿಯುತ್ತಿರುವುದು ಭ್ರಮೆಯಲ್ಲ. ಕೆಳಸ್ವರವನ್ನು ಅಷ್ಟಾಗಿ ಕಳೆಯದ ಸಿ-ತೂಕದ ಆಯ್ಕೆ ಇದ್ದರೆ ಅದನ್ನು ಬಳಸಿ.

ಖರ್ಚು ಮಾಡುವ ಮುಂಚೆ ಏನೇನು ಪರೀಕ್ಷಿಸಬೇಕು?

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಟ್ರಕ್‌ಗೆ ಭದ್ರವಾದ ಸ್ಟ್ಯಾಂಡ್ ಕೊಟ್ಟು ಕೆಳಗೆ ಮಲಗಿ ನೋಡಿ. ಪೈಪನ್ನು ಹಿಡಿದು ನಾಲ್ಕೂ ದಿಕ್ಕಿಗೆ ಅಲ್ಲಾಡಿಸಿದಾಗ ಅದು ರಬ್ಬರ್ ಹ್ಯಾಂಗರ್‌ಗಳ ಮೇಲೆ ಸರಾಗವಾಗಿ ತೂಗಬೇಕು. ಎಲ್ಲಾದರೂ ಚಾಸಿಗೆ, ಬೆಡ್ಡಿನ (ಹಿಂದೆ ಸಾಮಾನು ಹೇರುವ ತೊಟ್ಟಿಯ) ಅಡಿಗೆ ಅಥವಾ ಹೀಟ್ ಶೀಲ್ಡಿಗೆ ತಾಗುತ್ತಿದ್ದರೆ ಕಂಪನ ನೇರವಾಗಿ ಬಾಡಿಗೆ ಹರಿಯುತ್ತದೆ. ತಾಗುವ ಜಾಗದಲ್ಲಿ ಉಜ್ಜಿ ಹೊಳೆಯುವ ಗುರುತು ಸಿಗುತ್ತದೆ. ಬಿಸಿಯಾದಾಗ ಪೈಪು ಉದ್ದವಾಗುವುದರಿಂದ ತಣ್ಣಗಿದ್ದಾಗ ಬೆರಳು ತೂರುವಷ್ಟಾದರೂ ಅಂತರ ಇರಲಿ. ಮರದ ಹಲಗೆಯಂತೆ ಬಿರುಸಾದ ಹಳೆಯ ರಬ್ಬರ್‌ಗಳನ್ನು ಬದಲಿಸಿ.

ಮುಂದಿನದು ಸೋರಿಕೆ. ಫ್ಲೇಂಜ್ ಮತ್ತು ಕ್ಲ್ಯಾಂಪ್‌ಗಳ ಸುತ್ತ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿ ಗ್ಯಾಸ್ ಸೋರುತ್ತಿದೆ. ಕಾಣದಿದ್ದರೆ, ಗಾಳಿ ಊದುವಂತೆ ಜೋಡಿಸಿದ ವ್ಯಾಕ್ಯೂಮ್ ಕ್ಲೀನರ್‌ನ ಕೊಳವೆಯನ್ನು ಟೇಲ್ ಪೈಪಿಗೆ ಬಟ್ಟೆ ಸುತ್ತಿ ಸಿಕ್ಕಿಸಿ, ಪ್ರತಿ ಜೋಡಣೆಗೂ ಸೋಪಿನ ನೀರು ಸಿಂಪಡಿಸಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಅಮೆರಿಕದ ಹಲವು ವಿ8 ಟ್ರಕ್‌ಗಳಲ್ಲಿ ಮ್ಯಾನಿಫೋಲ್ಡ್ (ಎಂಜಿನ್ನಿಗೆ ತಗುಲಿಸಿದ ಎಕ್ಸಾಸ್ಟ್‌ನ ಮೊದಲ ಭಾಗ) ಬೋಲ್ಟ್‌ಗಳು ಮುರಿಯುವ ತೊಂದರೆ ಹೆಸರಾದದ್ದೇ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಎಂದು ಕೇಳಿ, ಬಿಸಿಯಾದಂತೆ ನಿಂತುಹೋಗುವ ಸದ್ದು ಅದರ ಲಕ್ಷಣ. ಕ್ಯಾಬ್‌ ಅಡಿಯ ಸೋರಿಕೆಯಿಂದ ಬರಿಯ ಸದ್ದಷ್ಟೇ ಅಲ್ಲ, ಕಾರ್ಬನ್ ಮೊನಾಕ್ಸೈಡ್ ಸಹ ಒಳಗೆ ಬರಬಹುದು. ಅದನ್ನು ನಾಳೆಗೆ ಮುಂದೂಡಬೇಡಿ.

ಕಂಪನಿಯ ರೆಸೊನೇಟರ್ ತೆಗೆದುಹಾಕಿದ್ದೇವೆ. ಮತ್ತೆ ಹಾಕಿಸಿದರೆ ಪ್ರಯೋಜನವೇ?

ಹೌದು. ವಾಹನ ತಯಾರಿಸಿದವರು ರೆಸೊನೇಟರ್ ಎಂಬ ಆ ಸದ್ದಡಗಿಸುವ ಡಬ್ಬಿಯನ್ನು ಸುಮ್ಮನೆ ಇಟ್ಟಿಲ್ಲ. ಆ ಎಂಜಿನ್, ಆ ಪೈಪಿನ ಉದ್ದ, ಆ ಕ್ಯಾಬ್‌ಗೆ ತೊಂದರೆ ಕೊಡುವ ಸ್ವರವನ್ನು ಅಳೆದೇ ಇಟ್ಟಿರುತ್ತಾರೆ. ಹಳೆಯದು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದರೆ ಮೊದಲು ಅದನ್ನೇ ಬೆಸುಗೆ ಹಾಕಿಸಿ ನೋಡಿ. ಹೊರಗೆ ಸಿಗುವ ರೆಸೊನೇಟರ್‌ಗಳಲ್ಲಿ ಬಹುಪಾಲು ರಂಧ್ರಗಳ ಒಳಪೈಪಿನ ಸುತ್ತ ಗ್ಲಾಸ್ ಫೈಬರ್ ತುಂಬಿದ ಸಣ್ಣ ಕೊಳವೆಗಳು. ಅವು ಕರ್ಕಶವಾದ ಮೇಲಿನ ಸ್ವರಗಳನ್ನು ತಗ್ಗಿಸುತ್ತವೆಯೇ ವಿನಾ 100 ಹರ್ಟ್ಸ್‌ನ ಮೊರೆತಕ್ಕೆ ಹೆಚ್ಚೇನೂ ಮಾಡುವುದಿಲ್ಲ.

ಯಾವ ಬಗೆಯ ಸೈಲೆನ್ಸರ್ ಒಳ್ಳೆಯದು?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಫ್ಲೋಮಾಸ್ಟರ್ ಹೆಸರು ಮಾಡಿದ ಕೋಣೆಗಳ ಮಾದರಿಯಲ್ಲಿ ಒಳಗಿನ ತಗಡಿನ ಗೋಡೆಗಳು ಅಲೆಯನ್ನು ಹಿಂದಕ್ಕೆ ಪ್ರತಿಫಲಿಸಿ ಅಲೆಯಿಂದಲೇ ಅಲೆಯನ್ನು ಅಳಿಸುತ್ತವೆ. ಮ್ಯಾಗ್ನಾಫ್ಲೋ, ಬೋರ್ಲಾ ಮುಂತಾದವರ ನೇರಹರಿವಿನ ಮಾದರಿಯಲ್ಲಿ ರಂಧ್ರದ ಪೈಪಿನ ಸುತ್ತಲಿನ ನಾರು ಸದ್ದನ್ನು ಹೀರುತ್ತದೆ. ಕೋಣೆಗಳ ಮಾದರಿ ತನ್ನ ಅಳತೆಗೆ ಹೊಂದುವ ಕೆಳಸ್ವರವನ್ನು ಚೆನ್ನಾಗಿ ಅಡಗಿಸಬಲ್ಲದು. ಅಳತೆ ತಪ್ಪಿದರೆ ಅದೇ ಸ್ವರ ಇನ್ನೂ ಎದ್ದು ಕೇಳಿಸಬಹುದು. ನಾರಿನ ಮಾದರಿ ಕೆಳಸ್ವರದಲ್ಲಿ ದುರ್ಬಲ, ಆದರೆ ಅದರ ನಡವಳಿಕೆ ಊಹೆಗೆ ಸಿಗುತ್ತದೆ. ಎರಡರಲ್ಲೂ ಗಾತ್ರವೇ ದೊಡ್ಡ ಮಾತು. ಕೆಳಸ್ವರವನ್ನು ಹಿಡಿಯಲು ಡಬ್ಬಿಗೆ ಉದ್ದವೂ ಗಾತ್ರವೂ ಬೇಕು. ಆದ್ದರಿಂದ ಟ್ರಕ್‌ನ ಅಡಿಯಲ್ಲಿ ಕೂರುವಷ್ಟು ಉದ್ದದ್ದನ್ನು ಆರಿಸಿ, 14 ಇಂಚಿನ ಬದಲು 18 ಅಥವಾ 24 ಇಂಚಿನದನ್ನು ಹಾಕಿಸಿದರೆ ಬ್ರ್ಯಾಂಡ್ ಬದಲಾಯಿಸುವುದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ನಾರಿನ ಸೈಲೆನ್ಸರ್ ಹೊಸದಾಗಿದ್ದಾಗ ಇರುವ ಸದ್ದೇ ಕೊನೆಯವರೆಗೂ ಇರುವುದಿಲ್ಲ. ನಾರು ಸುಟ್ಟು ಸವೆದಂತೆ ಸದ್ದು ಏರುತ್ತದೆ. ಹಾಗಾಗಿ ಓಡಿಸುತ್ತಾ ಮೊರೆತ ತಾನಾಗಿ ಕಡಿಮೆಯಾದೀತೆಂದು ಕಾಯುವುದರಲ್ಲಿ ಅರ್ಥವಿಲ್ಲ.

ಜೆ-ಪೈಪ್ ಎಂದರೇನು? ಅದು ನಿಜವಾಗಿ ಕೆಲಸ ಮಾಡುತ್ತದೆಯೇ?

ಒಂದೇ ಸ್ವರದ ಮೊರೆತಕ್ಕೆ ನಾನು ಮೊದಲು ಸೂಚಿಸುವ ಪರಿಹಾರ ಇದೇ. ಮುಖ್ಯ ಪೈಪಿಗೆ ಒಂದು ಕವಲು ಪೈಪನ್ನು ಬೆಸೆದು ಅದರ ಇನ್ನೊಂದು ತುದಿಯನ್ನು ಪೂರ್ತಿ ಮುಚ್ಚುತ್ತಾರೆ. ಅಲೆ ಕವಲಿನೊಳಗೆ ಹೋಗಿ, ಮುಚ್ಚಿದ ತುದಿಗೆ ಬಡಿದು ಹಿಂದಿರುಗುತ್ತದೆ. ಕವಲಿನ ಉದ್ದ ಆ ಸ್ವರದ ಅಲೆಯ ಉದ್ದದ ಕಾಲು ಭಾಗದಷ್ಟಿದ್ದರೆ, ಹೋಗಿ ಬರುವಷ್ಟರಲ್ಲಿ ಅದು ಅರ್ಧ ಅಲೆಯಷ್ಟು ಹಿಂದೆ ಬಿದ್ದು, ಮುಖ್ಯ ಪೈಪಿನ ಉಬ್ಬಿಗೆ ತಗ್ಗಾಗಿ ಎದುರಾಗುತ್ತದೆ. ಎರಡೂ ಒಂದನ್ನೊಂದು ಅಳಿಸುತ್ತವೆ. ಕವಲಿನಲ್ಲಿ ಗ್ಯಾಸ್ ಹರಿಯುವುದಿಲ್ಲವಾದ್ದರಿಂದ ಎಂಜಿನ್ನಿನ ಶಕ್ತಿಗೆ ಧಕ್ಕೆಯಿಲ್ಲ, ಮತ್ತು ಬೇರೆ ಸ್ವರಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ.

ಉದ್ದದ ಲೆಕ್ಕ ಸರಳವಾದರೂ ಒಂದು ಕಡೆ ಅನೇಕರು ತಪ್ಪುತ್ತಾರೆ. ಶಬ್ದದ ವೇಗವನ್ನು ಹರ್ಟ್ಸ್‌ನ ನಾಲ್ಕು ಪಟ್ಟಿನಿಂದ ಭಾಗಿಸಬೇಕು. ಆದರೆ ಸಾಮಾನ್ಯ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಇರುವ ಆ ವೇಗ ಬಿಸಿ ಗ್ಯಾಸಿನಲ್ಲಿ ಹೆಚ್ಚಾಗುತ್ತದೆ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 436, 300 ಡಿಗ್ರಿಯಲ್ಲಿ ಸುಮಾರು 480. ಕವಲಿನಲ್ಲಿ ನಿಂತ ಗ್ಯಾಸು ಮುಖ್ಯ ಪೈಪಿನದಕ್ಕಿಂತ ತಣ್ಣಗಿರುವುದರಿಂದ 430 ಎಂದಿಟ್ಟುಕೊಂಡು ಆರಂಭಿಸುವುದು ಯೋಗ್ಯ. ನಮ್ಮ 117 ಹರ್ಟ್ಸ್‌ಗೆ ಉತ್ತರ ಸುಮಾರು 92 ಸೆಂಟಿಮೀಟರ್, ಅಂದರೆ 36 ಇಂಚು. ಫೋರ್ಡ್‌ನ 3.5 ಲೀಟರ್ ಇಕೋಬೂಸ್ಟ್‌ನಂಥ ವಿ6 ಎಂಜಿನ್ 1,700 ಆರ್‌ಪಿಎಂನಲ್ಲಿ 85 ಹರ್ಟ್ಸ್ ಹೊರಡಿಸುತ್ತದೆ. ಅದಕ್ಕೆ ಸುಮಾರು 1.26 ಮೀಟರ್ ಬೇಕು.

ಲೆಕ್ಕದ ಉದ್ದವನ್ನೇ ಕತ್ತರಿಸಿ ಬೆಸೆಯಬೇಡಿ. ಹತ್ತು ಸೆಂಟಿಮೀಟರ್ ಹೆಚ್ಚು ಬಿಟ್ಟು, ತುದಿಗೆ ಕ್ಲ್ಯಾಂಪ್‌ನಿಂದ ಬಿಗಿಯುವ ಮುಚ್ಚಳ ಹಾಕಿಸಿ, ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ, ಎಲ್ಲವೂ ಬಿಸಿಯಾದ ಮೇಲೆ ಆ್ಯಪ್‌ನ ಶಿಖರ ನೋಡಿ. ಮೊರೆತ ಅಡಗಿದ ವೇಗ ನಿಮಗೆ ಬೇಕಾದದ್ದಕ್ಕಿಂತ ಕೆಳಗಿದ್ದರೆ ಪೈಪನ್ನು ಸ್ವಲ್ಪ ಕತ್ತರಿಸಿ. ಈ ಉದ್ದದಲ್ಲಿ ಒಂದು ಇಂಚು ಕಡಿಮೆ ಮಾಡಿದರೆ ಸುಮಾರು 3 ಹರ್ಟ್ಸ್, ಅಂದರೆ 50 ಆರ್‌ಪಿಎಂನಷ್ಟು ಮೇಲಕ್ಕೆ ಸರಿಯುತ್ತದೆ. ಸರಿಯಾದ ಜಾಗ ಸಿಕ್ಕ ಮೇಲೆ ಮುಚ್ಚಳವನ್ನು ಬೆಸೆಯಬಹುದು.

ಕವಲಿನ ವ್ಯಾಸ ಮುಖ್ಯ ಪೈಪಿನಷ್ಟೇ ಇದ್ದರೆ ಅದು ಅಡಗಿಸುವ ವ್ಯಾಪ್ತಿ ಅಗಲವಾಗುತ್ತದೆ. ಸಣ್ಣ ಪೈಪ್ ಹಾಕಿದರೆ ವ್ಯಾಪ್ತಿ ಕಿರಿದಾಗಿ, ಕ್ರೂಸ್ ವೇಗ ಸ್ವಲ್ಪ ಬದಲಾದರೂ ಮೊರೆತ ಮರಳುತ್ತದೆ. ಬಾಗಿಸಿದರೆ ತೊಂದರೆಯಿಲ್ಲ, ನಡುಗೆರೆಯ ಉದ್ದ ಸರಿಯಿದ್ದರಾಯಿತು. ಕವಲನ್ನು ಜೋಡಿಸುವ ಜಾಗದಲ್ಲಿ ಒತ್ತಡದ ಏರಿಳಿತ ಹೆಚ್ಚಿರಬೇಕು. ಪೈಪಿನ ತೆರೆದ ಬಾಯಿಯ ಹತ್ತಿರ ಅದು ತೀರಾ ಕಡಿಮೆ, ಆದ್ದರಿಂದ ಟೇಲ್ ಪೈಪಿನ ತುದಿಗೆ ಜೋಡಿಸಿದ ಕವಲು ನಿರರ್ಥಕ. ಎಂಜಿನ್ನಿನ ಎರಡೂ ಬದಿಯ ಸಿಲಿಂಡರ್ ಸಾಲುಗಳ (ಬ್ಯಾಂಕ್) ಪೈಪುಗಳು ಕೂಡಿ ಒಂದಾದ ಮೇಲೆ, ಸೈಲೆನ್ಸರ್‌ಗೆ ಮುಂಚೆ ಜಾಗ ಸಿಕ್ಕರೆ ಒಂದೇ ಕವಲು ಸಾಕಾಗುತ್ತದೆ. ಎರಡು ಪೈಪುಗಳು ಕೊನೆಯವರೆಗೂ ಬೇರೆ ಬೇರೆಯಾಗಿದ್ದರೆ ಎರಡು ಬೇಕು. ಮುಚ್ಚಿದ ತುದಿ ಸ್ವಲ್ಪ ಮೇಲ್ಮುಖವಾಗಿರಲಿ. ಇಲ್ಲದಿದ್ದರೆ ನೀರು ನಿಂತು ತುಕ್ಕು ಹಿಡಿಯುತ್ತದೆ, ಚಳಿಗಾಲದಲ್ಲಿ ಮಂಜುಗಟ್ಟಿ ಉದ್ದವೇ ಬದಲಾಗುತ್ತದೆ.

ಎಂಜಿನ್ ನಾಲ್ಕು ಸಿಲಿಂಡರಿಗೆ ಇಳಿದಾಗ ಮಾತ್ರ ಮೊರೆತ ಬರುತ್ತದೆ. ಏನು ಮಾಡಬೇಕು?

ಜಿ.ಎಂ. (ಷೆವ್ರೊಲೆಯ ಮಾತೃಸಂಸ್ಥೆ) ಟ್ರಕ್‌ಗಳ ಆ್ಯಕ್ಟಿವ್ ಫ್ಯೂಯಲ್ ಮ್ಯಾನೇಜ್‌ಮೆಂಟ್ ಮತ್ತು ರಾಮ್‌ನ 5.7 ಲೀಟರ್ ಹೆಮಿಯ ಎಂ.ಡಿ.ಎಸ್. ವ್ಯವಸ್ಥೆಗಳು ಹೊರೆ ಕಡಿಮೆಯಿದ್ದಾಗ ನಾಲ್ಕು ಸಿಲಿಂಡರ್‌ಗಳನ್ನು ನಿಲ್ಲಿಸುತ್ತವೆ. ಆಗ ಸ್ವರ ಅರ್ಧಕ್ಕೆ ಇಳಿದು 117ರ ಬದಲು 58 ಹರ್ಟ್ಸ್ ಆಗುತ್ತದೆ. ಅದಕ್ಕೆ ಹೊಂದುವ ಜೆ-ಪೈಪ್ ಎರಡು ಮೀಟರ್ ಸಮೀಪಿಸುವುದರಿಂದ ಟ್ರಕ್‌ನ ಅಡಿಯಲ್ಲಿ ಕೂರಿಸುವುದು ಕಷ್ಟ. ಕೆಲವು ಮಾದರಿಗಳಲ್ಲಿ ಈ ಸ್ಥಿತಿಗೆಂದೇ ಕಂಪನಿ ಎಕ್ಸಾಸ್ಟ್‌ನಲ್ಲಿ ಮುಚ್ಚಿ ತೆರೆಯುವ ವಾಲ್ವ್ ಇಟ್ಟಿರುತ್ತದೆ. ಹೊಸ ಎಕ್ಸಾಸ್ಟ್ ಹಾಕುವಾಗ ಅದನ್ನು ತೆಗೆದರೆ ಮೊರೆತ ಖಚಿತ. ಒ.ಬಿ.ಡಿ. ಪೋರ್ಟ್‌ಗೆ (ಮೆಕ್ಯಾನಿಕ್‌ಗಳು ದೋಷ ಪರೀಕ್ಷೆಗೆ ಬಳಸುವ ಸಾಕೆಟ್) ಸಿಕ್ಕಿಸಿ ಸಿಲಿಂಡರ್ ನಿಲ್ಲದಂತೆ ತಡೆಯುವ ಸಾಧನಗಳು ಸಿಗುತ್ತವೆ. ಅವುಗಳಿಂದ ಇಂಧನ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ವಾರಂಟಿಯ ಮಾತನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ತಾತ್ಕಾಲಿಕವಾಗಿ ಟೋ-ಹಾಲ್ ಮೋಡ್ (ಹೊರೆ ಎಳೆಯುವಾಗ ಕೆಳಗಿನ ಗೇರನ್ನು ಹೆಚ್ಚು ಹೊತ್ತು ಹಿಡಿದಿಡುವ ವ್ಯವಸ್ಥೆ) ಹಾಕಿ ಅಥವಾ ಗೇರನ್ನು ಕೈಯಾರೆ ಒಂದು ಇಳಿಸಿ ನೋಡಿದರೆ, ಮೊರೆತಕ್ಕೆ ಕಾರಣ ಇದೇ ಹೌದೋ ಅಲ್ಲವೋ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ.

ಕ್ಯಾಬ್‌ಗೆ ಡ್ಯಾಂಪಿಂಗ್ ಮ್ಯಾಟ್ ಅಂಟಿಸಿದರೆ ಸಾಲದೇ?

ಇದರಲ್ಲಿ ನಿರೀಕ್ಷೆ ಮಿತವಾಗಿರಲಿ. ಅಲ್ಯೂಮಿನಿಯಂ ಹಾಳೆಯ ಬ್ಯೂಟೈಲ್ ಮ್ಯಾಟ್ ತಗಡಿನ ನಡುಕವನ್ನು ತಡೆಯುತ್ತದೆ, ಗಾಳಿಯಲ್ಲಿ ಬರುವ ಕೆಳಸ್ವರವನ್ನು ತಡೆಯುವುದಿಲ್ಲ. ಕೆಳಸ್ವರಕ್ಕೆ ತೂಕವೇ ತಡೆ. ಗೋಡೆಯ ತೂಕ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಹಿಂಬದಿಯ ಸೀಟು ಬಿಚ್ಚಿ, ಹಿಂಗೋಡೆಯ ತಗಡನ್ನು ಬೆರಳಿನಿಂದ ತಟ್ಟಿ ನೋಡಿ: ಡಬ್ಬದಂತೆ ದಣ್ ಎಂದರೆ ಅಲ್ಲಿ ಮ್ಯಾಟ್ ಅಂಟಿಸುವುದರಿಂದ ಲಾಭವಿದೆ, ಆಗಲೇ ಮಂಕಾಗಿ ಕೇಳಿಸಿದರೆ ಇಲ್ಲ. ಇಡೀ ತಗಡನ್ನು ಮುಚ್ಚಬೇಕಾಗಿಲ್ಲ. ಪ್ರತಿ ಹಾಳೆಯ ನಡುಭಾಗದಲ್ಲಿ ಕಾಲು ಪಾಲು ಮುಚ್ಚಿದರೂ ನಡುಕ ಗಣನೀಯವಾಗಿ ಇಳಿಯುತ್ತದೆ. ಹಿಂಗೋಡೆಯ ಗಾಳಿ ಹೊರಹೋಗುವ ದ್ವಾರಗಳನ್ನು ಮಾತ್ರ ಮುಚ್ಚಬೇಡಿ.

ಟೇಲ್ ಪೈಪಿನ ಬಾಯಿ ಎಲ್ಲಿರಬೇಕು?

ಹಿಂದಿನ ಬಂಪರಿನಾಚೆ. ಹಿಂಚಕ್ರದ ಮುಂದೆ ಪಕ್ಕಕ್ಕೆ ಬಾಯಿ ಬಿಡುವ ವಿನ್ಯಾಸದಲ್ಲಿ ಸದ್ದಿನ ಮೂಲ ಕ್ಯಾಬ್‌ ಹತ್ತಿರವೇ ಇರುತ್ತದೆ. ಬೆಡ್ಡಿನ ಅಡಿಯಲ್ಲೇ ಪೈಪು ಮುಗಿದರೆ ಬೆಡ್ಡಿನ ತಗಡೂ ಕಂಪಿಸುತ್ತದೆ, ಬೆಡ್ಡಿನ ಮೇಲೆ ಕ್ಯಾನೊಪಿ (ಮುಚ್ಚಿಗೆ) ಇದ್ದರೆ ಹೊಗೆ ಅದರೊಳಗೆ ಸೇರುತ್ತದೆ.

ಟೈರ್ ಮತ್ತು ಟ್ರೇಲರ್‌ನಿಂದ ವ್ಯತ್ಯಾಸ ಆಗುತ್ತದೆಯೇ?

ಆಗುತ್ತದೆ. ದೊಡ್ಡ ಟೈರ್ ಹಾಕಿದರೆ ಅದೇ ರಸ್ತೆವೇಗಕ್ಕೆ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಮೊರೆತ ಬೇರೆ ವೇಗಕ್ಕೆ ಸರಿಯುತ್ತದೆ. ಟೈರ್ ಬದಲಿಸುವ ಯೋಚನೆಯಿದ್ದರೆ ಅದನ್ನು ಮುಗಿಸಿಯೇ ಜೆ-ಪೈಪ್ ಅಳೆಯಿರಿ. ಟ್ರೇಲರ್ ಎಳೆಯುವಾಗ ತಗ್ಗಿನ ಆರ್‌ಪಿಎಂನಲ್ಲಿ ಹೊರೆ ಹೆಚ್ಚಾಗಿ ಪ್ರತಿ ಅಲೆಯೂ ಬಲವಾಗುವುದರಿಂದ ಮೊರೆತ ಅತಿಯಾಗುತ್ತದೆ. ಟೋ-ಹಾಲ್ ಮೋಡ್‌ನಿಂದ ಗೇರ್‌ಬಾಕ್ಸಿಗೂ ಕಿವಿಗೂ ಒಳ್ಳೆಯದು.

ಟ್ರಕ್‌ನಲ್ಲಿ ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಷನ್ ಇದೆ. ಅದು ಸಾಕಲ್ಲವೇ?

ಛಾವಣಿಯ ಮೈಕ್‌ಗಳು ಕೇಳಿಸಿಕೊಂಡ ಸದ್ದಿಗೆ ವಿರುದ್ಧವಾದ ಸದ್ದನ್ನು ಸ್ಪೀಕರ್‌ಗಳಿಂದ ಹೊರಡಿಸುವ ಈ ವ್ಯವಸ್ಥೆಯನ್ನು ಕಂಪನಿಯ ಎಕ್ಸಾಸ್ಟ್‌ಗೆ ಹೊಂದಿಸಿರುತ್ತಾರೆ. ಹೊಸ ಎಕ್ಸಾಸ್ಟ್‌ನ ಜೋರು ಸದ್ದು ಅದರ ಶಕ್ತಿಯನ್ನು ಮೀರಬಹುದು. ಕೆಲವೊಮ್ಮೆ ಅದೇ ವಿಚಿತ್ರವಾದ ಗುಂಯ್ ಸದ್ದನ್ನು ಸೇರಿಸುವುದೂ ಉಂಟು. ಸಾಧ್ಯವಿದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಎರಡೂ ಸ್ಥಿತಿಗಳಲ್ಲಿ ಶಿಖರವನ್ನು ಹೋಲಿಸಿ.

ಕಾನೂನಿನ ಮಾತೇನು?

ಅಮೆರಿಕದಲ್ಲಿ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಹೊಗೆ ನಿಯಂತ್ರಣದ ಸಾಧನಗಳನ್ನು ತೆಗೆಯುವುದು ಅಪರಾಧ. ಮೊರೆತಕ್ಕೆ ಮಾಡುವ ಕೆಲಸವೆಲ್ಲ ಕ್ಯಾಟಲಿಟಿಕ್ ಕನ್ವರ್ಟರ್‌ನ ಹಿಂಭಾಗದಲ್ಲೇ ನಡೆಯಬೇಕು. ಡೀಸೆಲ್ ಟ್ರಕ್‌ಗಳಲ್ಲಿ ಡಿ.ಪಿ.ಎಫ್. (ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್) ಮುಟ್ಟಬಾರದು. ಡಿ.ಪಿ.ಎಫ್. ತಾನೇ ಸದ್ದನ್ನು ಸಾಕಷ್ಟು ತಗ್ಗಿಸುವುದರಿಂದ ಅದನ್ನು ತೆಗೆಸಿದವರಿಗೆ ಮೊರೆತವೂ ಜಾಸ್ತಿ. ಸದ್ದಿನ ಮಿತಿ ರಾಜ್ಯದಿಂದ ರಾಜ್ಯಕ್ಕೆ, ಊರಿಂದ ಊರಿಗೆ ಬೇರೆ.

ಭಾರತದಲ್ಲಿ ವಿಷಯ ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಸೈಲೆನ್ಸರ್‌ಗೆ ಸಂಬಂಧಿಸಿದ್ದು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಹೈಲಕ್ಸ್ ಅಥವಾ ವಿ-ಕ್ರಾಸ್ ಇಟ್ಟುಕೊಂಡವರು ಸದ್ದಿನ ಸೈಲೆನ್ಸರ್ ಹಾಕಿಸಿಕೊಂಡು ತೊಂದರೆಗೊಳಗಾಗಿದ್ದರೆ, ಕಂಪನಿಯ ಸೈಲೆನ್ಸರನ್ನೇ ಮರಳಿ ಹಾಕಿಸುವುದು ಮೊರೆತಕ್ಕೂ ಕಾನೂನಿಗೂ ಒಟ್ಟಿಗೇ ಪರಿಹಾರ. ನಾಲ್ಕು ಸಿಲಿಂಡರಿನ ಆ ಡೀಸೆಲ್ ಎಂಜಿನ್‌ಗಳು 2,000 ಆರ್‌ಪಿಎಂನಲ್ಲಿ ಹೊರಡಿಸುವುದು ಸುಮಾರು 67 ಹರ್ಟ್ಸ್. ಅದಕ್ಕೆ ಬೇಕಾದ ಜೆ-ಪೈಪ್ 1.6 ಮೀಟರ್ ಉದ್ದದ್ದು.

ಎಕ್ಸಾಸ್ಟ್ ಅಂಗಡಿಯವರಿಗೆ ಏನೆಂದು ಹೇಳಬೇಕು?

ಮೊರೆತ ಬರುತ್ತದೆ, ಏನಾದರೂ ಮಾಡಿ ಎಂದರೆ ಅವರ ಬಳಿ ಇರುವ ಸೈಲೆನ್ಸರ್ ಒಂದನ್ನು ಮಾರುತ್ತಾರೆ. ಬದಲಿಗೆ ಅಂಕಿಗಳನ್ನು ಕೊಡಿ: 1,750 ಆರ್‌ಪಿಎಂ, 117 ಹರ್ಟ್ಸ್, ಮೂರು ಇಂಚಿನ ಪೈಪು, ಅದೇ ವ್ಯಾಸದ ಕವಲು, ನಡುಗೆರೆಯಲ್ಲಿ 40 ಇಂಚು ಉದ್ದ, ತುದಿಗೆ ಬಿಚ್ಚುವ ಮುಚ್ಚಳ, ಸೈಲೆನ್ಸರ್‌ಗೆ ಮುಂಚೆ ಜೋಡಣೆ, ಕವಲಿಗೆ ತನ್ನದೇ ಹ್ಯಾಂಗರ್. ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಉತ್ತಮ. ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಪೈಪ್ ಮತ್ತು ಇಂಧನದ ಪೈಪುಗಳಿಂದ ಕವಲು ದೂರವಿರಬೇಕು ಎಂದೂ, ಬೆಸೆಯುವ ಮುಂಚೆ ಬ್ಯಾಟರಿಯ ಋಣ ಕೇಬಲ್ ಬಿಚ್ಚಬೇಕು ಎಂದೂ ಸೇರಿಸಿ. ಉದ್ದ ಹೊಂದಿಸಿಕೊಂಡು ಮರಳಿ ಬಂದಾಗ ಮುಚ್ಚಳ ಬೆಸೆಯುವ ಕೂಲಿ ಸೇರಿದೆಯೇ ಎಂಬುದನ್ನು ಮೊದಲ ದಿನವೇ ಮಾತಾಡಿಕೊಳ್ಳಿ.